ಅತ್ತೆಯ ಹೆಸರಿನ ಚೀಟಿ

ಆ ಮಗುವಿನ ತೂಕ ಎಷ್ಟಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ಎರಡು ಕಿಲೋ ಎಂಟುನೂರು ಎಂದು ಬರೆದಿದ್ದೇನೆ. ಅದು ಸುಳ್ಳು. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತ್ತೆಂದು ನಾನು ನೋಡಲೇ ಇಲ್ಲ.

ನಾನು ಆಶಾ ಕಾರ್ಯಕರ್ತೆ. ಬಡವನಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮೂರಿನಲ್ಲಿ ಹನ್ನೆರಡು ವರ್ಷದಿಂದ ಇದೇ ಕೆಲಸ. ಬಸುರಿಯರ ಪಟ್ಟಿ ಮಾಡುವುದು, ನೋವು ಬಂದರೆ ಮಧುಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಹೆತ್ತ ಮೇಲೆ ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಎಂದು ಮನೆಗೆ ಹೋಗಿ ಮಗುವನ್ನು ತೂಗುವುದು. ತೂಗುವುದಕ್ಕೆ ನಮಗೊಂದು ಬಟ್ಟೆಯ ಜೋಳಿಗೆ ಕೊಟ್ಟಿದ್ದಾರೆ, ಅದರ ಮೇಲೊಂದು ಸ್ಪ್ರಿಂಗ್ ತಕ್ಕಡಿ. ಮಗುವನ್ನು ಜೋಳಿಗೆಯಲ್ಲಿ ಮಲಗಿಸಿ, ತಕ್ಕಡಿಯನ್ನು ಕೈಯಲ್ಲಿ ಎತ್ತಿ ಹಿಡಿದು, ಮುಳ್ಳನ್ನು ಕಣ್ಣಿನ ಮಟ್ಟಕ್ಕೆ ತಂದು ಓದಬೇಕು. ಎಷ್ಟೋ ಮಕ್ಕಳನ್ನು ಹಾಗೆ ಎತ್ತಿದ್ದೇನೆ. ಅವರಲ್ಲಿ ಕೆಲವರು ಈಗ ಸೈಕಲ್ ಹೊಡೆದುಕೊಂಡು ಎದುರಿಗೆ ಬಂದು, ದಾರಿ ಬಿಡದೆ ಹಲ್ಲು ಕಿಸಿಯುತ್ತಾರೆ.

ಆವತ್ತಿನದು ಏಳನೇ ದಿನದ ಮಗು, ಹೆಣ್ಣು. ಜೋಳಿಗೆಯಲ್ಲಿ ಮಲಗಿಸಿ ಎತ್ತಿದೆ. ಮಗು ಕೈಕಾಲು ಮಡಚಿಕೊಂಡು ನಿದ್ದೆ ಮಾಡುತ್ತಿತ್ತು. ಇದ್ದಕ್ಕಿದ್ದಂತೆ, ಈ ಕೈ ಬಿಟ್ಟುಬಿಟ್ಟರೆ ಎಂಬ ಯೋಚನೆ ಬಂತು. ಬಿಡಬೇಕೆಂದು ಅಲ್ಲ, ದೇವರಾಣೆಗೂ ಅಲ್ಲ. ನನ್ನ ಕೈ ನನ್ನ ಮಾತು ಕೇಳದೆ ಬಿಟ್ಟುಬಿಟ್ಟೀತು ಎಂದು. ಅಂಗೈ ಬೆವತುಹೋಯಿತು. ಮಗುವನ್ನು ಹೇಗೋ ಬಾಣಂತಿಯ ಮಡಿಲಿಗೆ ಇಳಿಸಿ, ಗೋಡೆಗೆ ಒರಗಿ ಕೂತೆ.

“ಯಾಕಮ್ಮ ಆಶಾಮ್ಮ, ಮಕ ಇಂಗೆ ಬಿಳಚ್ಕಂಡೈತೆ?” ಎಂದರು ಬಾಣಂತಿಯ ತಾಯಿ. ಊರಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಹಾಗೆಯೇ.

“ಬೆಳಗ್ಗಿಂದ ಏನೂ ತಿಂದಿಲ್ಲ ಕಣಕ್ಕ.”

“ಊರೋರ್ಗೆಲ್ಲ ಉಣ್ಣಿ ತಿನ್ನಿ ಅಂತ ಯೋಳ್ಕಂಡು ತಿರುಗ್ತೀಯ, ನಿಂಗೇ ಉಣ್ಣಾಕೆ ಟೈಮಿಲ್ವಾ?” ಎಂದು ಬೈದು ಒಂದು ಲೋಟ ಮಜ್ಜಿಗೆ ಕೊಟ್ಟರು. ಕುಡಿದೆ. ಎರಡು ಕಿಲೋ ಎಂಟುನೂರು ಎಂದು ಬರೆದೆ.

ಇದು ಊರಿಗೆ ಗೊತ್ತಾದರೆ ನನ್ನ ಕೈಗೆ ಯಾರೂ ಮಗು ಕೊಡುವುದಿಲ್ಲ. ಆವತ್ತಿನಿಂದ ನನ್ನನ್ನು ತಿನ್ನಲು ಶುರುಮಾಡಿದ್ದು ಇದೇ ಹೆದರಿಕೆ. ಮದುವೆಯಾಗಿ ಈ ಊರಿಗೆ ಬಂದಾಗ ನಾನು ಯಾರದೋ ಮನೆಯ ಸೊಸೆ, ಅಷ್ಟೆ. ಊರಿನ ಅರ್ಧ ಮಕ್ಕಳನ್ನು ಎತ್ತಿ ತೂಗಿದ ಮೇಲೆಯೇ ನಾನು ಈ ಊರಿನವಳಾದದ್ದು. ಆ ಕೈಯೇ ಕೆಟ್ಟಿದೆ ಎಂದರೆ ನನ್ನಲ್ಲಿ ಉಳಿಯುವುದೇನು?

ಹಾಗೆಂದು ಎಲ್ಲವೂ ಆ ದಿನವೇ ಶುರುವಾದದ್ದಲ್ಲ. ಅದಕ್ಕೂ ಏಳೆಂಟು ತಿಂಗಳ ಮೊದಲೇ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗತೊಡಗಿತ್ತು. ಎದ್ದು ಒಲೆಯ ಮುಂದೆ ಕೂರುತ್ತಿದ್ದೆ. ಇವತ್ತು ಏನೋ ಆಗುತ್ತದೆ ಎಂದು ಅನ್ನಿಸುತ್ತಿತ್ತು. ಏನು ಎಂದು ಕೇಳಿದರೆ ಗೊತ್ತಿಲ್ಲ. ಹಾಲಿನ ಡೈರಿಗೆ ಹೋಗುವವರ ಕ್ಯಾನಿನ ಸದ್ದಿಗೂ ಬೆಚ್ಚುತ್ತಿದ್ದೆ. ಫೋನ್ ಹೊಡೆದುಕೊಂಡರೆ ಜೀವ ಬಾಯಿಗೆ ಬರುತ್ತಿತ್ತು. ಬಾಯಿಗೆ ಇಟ್ಟ ಮುದ್ದೆ ರುಚಿಯಿಲ್ಲ, ಟೀವಿಯಲ್ಲಿ ಯಾರು ನಕ್ಕರೂ ಯಾಕೆ ನಗುತ್ತಾರೆಂದು ತಿಳಿಯುವುದಿಲ್ಲ.

ಕಾರಣ ಹೇಳು ಎಂದರೆ ಏನು ಹೇಳಲಿ? ಗಂಡ ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಸೂಪರ್‌ವೈಸರ್, ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾರೆ. ಮಗಳು ಏಳನೇ ಕ್ಲಾಸು, ಯಾರ ತಂಟೆಗೂ ಹೋಗದ ಹುಡುಗಿ. ಅತ್ತೆಗೆ ಅರವತ್ತೆಂಟು ವರ್ಷ, ಮಂಡಿ ನೋವು ಬಿಟ್ಟರೆ ಗಟ್ಟಿ ಆಳು. ನನ್ನ ಪಾಲಿನ ಅರ್ಧ ಕೆಲಸ ಅವರೇ ಮಾಡುತ್ತಾರೆ, ಮಾಡಿದೆ ಎಂದು ಹೇಳಿಕೊಳ್ಳುವುದೂ ಇಲ್ಲ. ದೊಡ್ಡದೊಂದು ಕಷ್ಟವಾದರೂ ಇದ್ದಿದ್ದರೆ ಅದರ ಮೇಲೆ ಹಾಕಿ ಅಳಬಹುದಿತ್ತು. ಅದೂ ಇಲ್ಲ. ಚೆನ್ನಾಗಿರುವ ಮನೆಯಲ್ಲಿ ಕೂತು ಅಳುವುದಕ್ಕೆ ನಾಚಿಕೆಯೂ ಆಗಬೇಕಲ್ಲ ಮನುಷ್ಯಳಿಗೆ.

ನಮ್ಮ ಕೆಲಸದಲ್ಲಿ ಇನ್ನೊಂದಿದೆ. ಮೂವತ್ತು ದಾಟಿದವರಿಗೆಲ್ಲ ಒಂದು ಫಾರಂ ತುಂಬಬೇಕು. ಬೀಡಿ ಸೇದುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ಇತ್ಯಾದಿ. ಅದರಲ್ಲಿ ಎರಡು ಪ್ರಶ್ನೆ ಮನಸ್ಸಿನದು: ಎರಡು ವಾರದಿಂದ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲವೇ, ಬೇಸರವಾಗುತ್ತಿದೆಯೇ ಎಂದು. ಮೊದಲ ವರ್ಷ ಶ್ರದ್ಧೆಯಿಂದ ಕೇಳಿದೆ. “ಬ್ಯಾಸ್ರ ಯಾರ್ಗಿಲ್ಲ ಬುಡಮ್ಮ, ಮುಂದುಕ್ಕೆ ಬರ್ಕ,” ಎಂದರು ಎಲ್ಲರೂ. ಆಮೇಲೆ ಕೇಳುವುದನ್ನೇ ಬಿಟ್ಟು, ಎಲ್ಲರಿಗೂ ‘ಇಲ್ಲ’ ಎಂದು ಟಿಕ್ ಹಾಕಿಕೊಂಡು ಬಂದೆ. ನನ್ನದೂ ಒಂದು ಫಾರಂ ಇತ್ತು. ಅದರಲ್ಲಿಯೂ ಎರಡಕ್ಕೂ ‘ಇಲ್ಲ’.

ನನ್ನ ತವರು ನಿಡುಗಲ್ಲಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ಮನೆಮಾತು ಅರ್ಧ ತೆಲುಗು. ನಮ್ಮಮ್ಮನ ತಂಗಿಯೊಬ್ಬರಿದ್ದರು. ಗಂಡನ ಮನೆಯವರು ತಂದು ಬಿಟ್ಟು ಹೋಗಿದ್ದರು. ಹಿತ್ತಲ ಕಡೆಯ ಕೋಣೆಯಲ್ಲಿ ಇರುತ್ತಿದ್ದರು. ಯಾರಿಗೂ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಬಾಗಿಲ ಕಡೆ ನೋಡುತ್ತಾ ಕೂತಿರುತ್ತಿದ್ದರು. ‘ದಾನಿಕಿ ಪಿಚ್ಚಿ’ ಅನ್ನುತ್ತಿದ್ದರು ಊರಿನವರು, ಅವಳಿಗೆ ಹುಚ್ಚು ಎಂದು. ಅವರಿಗೆ ಊಟ ಕೊಟ್ಟು ಬರುವುದು ನನ್ನ ಕೆಲಸ. ನಾನು ತಟ್ಟೆಯನ್ನು ಹೊಸ್ತಿಲ ಹತ್ತಿರ ಇಟ್ಟು ಓಡಿಬರುತ್ತಿದ್ದೆ. ಒಂದು ದಿನವೂ ಒಳಗೆ ಹೋಗಲಿಲ್ಲ. ಬೆಳಗಿನ ನಾಲ್ಕಕ್ಕೆ ಒಲೆಯ ಮುಂದೆ ಕೂತು ಬಾಗಿಲು ನೋಡುವಾಗ, ನಾನು ಚಿಕ್ಕಮ್ಮನ ಹಾಗೆಯೇ ಕೂತಿದ್ದೇನೆ ಎಂದು ತಟ್ಟನೆ ಅನ್ನಿಸಿ, ಎದ್ದು ನಿಂತುಬಿಡುತ್ತಿದ್ದೆ.

ಡಾಕ್ಟರ ಹತ್ತಿರ ಹೋಗಬೇಕೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮನಸ್ಸಿನ ಕಾಯಿಲೆಗೂ ಮಾತ್ರೆ ಇದೆ, ಜ್ವರದ ಹಾಗೆ ಅದೂ ಒಂದು, ನಾಚಿಕೆ ಪಡಬೇಡಿ ಎಂದು ಊರಿಗೆಲ್ಲ ಭಾಷಣ ಬಿಗಿದವಳು ನಾನೇ. ಇಬ್ಬರನ್ನು ಕೈಹಿಡಿದು ಮಧುಗಿರಿಗೆ ಕರೆದುಕೊಂಡು ಹೋಗಿ ತೋರಿಸಿದ್ದೆ ಕೂಡ. ಅವರಿಬ್ಬರೂ ಈಗ ನೆಟ್ಟಗೆ ಸಂಸಾರ ಮಾಡಿಕೊಂಡಿದ್ದಾರೆ. ಆದರೆ ಮಧುಗಿರಿಯ ಆಸ್ಪತ್ರೆಯಲ್ಲಿ ಗೇಟಿನವರಿಂದ ಹಿಡಿದು ಸಿಸ್ಟರುಗಳವರೆಗೂ ಎಲ್ಲರೂ ನನಗೆ ಗೊತ್ತು. ಆ ಸಾಲಿನಲ್ಲಿ ನಾನೇ ಹೋಗಿ ನಿಂತರೆ, ನಾನು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟಿರುತ್ತದೆ. ಕೊರಟಗೆರೆಗೆ ಹೋಗೋಣವೆಂದರೆ ಅಲ್ಲಿ ನಮ್ಮಕ್ಕನನ್ನು ಕೊಟ್ಟಿದೆ, ಅವಳ ಮನೆ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ. ಪಾವಗಡದಲ್ಲಂತೂ ಅಂಗಡಿಗೊಬ್ಬ ನೆಂಟ. ಉಳಿದದ್ದು ಶಿರಾ ಒಂದೇ. ಅಲ್ಲಿಗೆ ಮಂಗಳವಾರ ಮಂಗಳವಾರ ಊರಾಚೆಯಿಂದ ಒಬ್ಬ ಮನಸ್ಸಿನ ಡಾಕ್ಟರಮ್ಮ ಬರುತ್ತಾರೆಂದು ಯಾವುದೋ ಟ್ರೈನಿಂಗಿನಲ್ಲಿ ಕೇಳಿದ್ದೆ.

ಮೀಟಿಂಗ್ ಇದೆ ಎಂದು ಮನೆಯಲ್ಲಿ ಹೇಳಿದೆ. ಮೀಟಿಂಗ್ ಎಂದ ಮೇಲೆ ಗುಲಾಬಿ ಬಣ್ಣದ ಯೂನಿಫಾರಂ ಸೀರೆಯನ್ನೇ ಉಡಬೇಕು, ಬೇರೆ ಉಟ್ಟರೆ ಅತ್ತೆಗೆ ಅನುಮಾನ. ಉಟ್ಟುಕೊಂಡು ಬಡವನಹಳ್ಳಿಗೆ ಬಂದು ಶಿರಾ ಬಸ್ ಹತ್ತಿದೆ. ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಕೂತೆ. ಪ್ರತಿ ಸ್ಟಾಪಿನಲ್ಲೂ ಹತ್ತುವವರ ಮುಖವನ್ನು ಮೊದಲು ನೋಡಿ, ಗುರುತಿನವರಲ್ಲ ಎಂದು ಖಾತ್ರಿಯಾದ ಮೇಲೆ ಉಸಿರು ಬಿಡುತ್ತಿದ್ದೆ. ನಾನೇನು ಯಾರ ಮನೆಗಾದರೂ ಕನ್ನ ಹಾಕಲು ಹೊರಟಿದ್ದೆನೇ? ಹಾಗೇ ಅನ್ನಿಸುತ್ತಿತ್ತು.

ಕಡಲೆಕಾಯಿ ಮಂಡಿಗಳನ್ನು ದಾಟಿ, ಒಂದು ಸಣ್ಣ ಬೀದಿಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕ್ಲಿನಿಕ್ಕು. ಬೋರ್ಡಿನ ಮುಂದೆ ಮೂರು ಸಲ ಹಾದುಹೋದೆ. ಮೂರನೇ ಸಲ ಬಟ್ಟೆ ಅಂಗಡಿಯವನು “ಏನ್ ಬೇಕಿತ್ತಮ್ಮ?” ಎಂದು ಕೇಳಿದ್ದಕ್ಕೆ ಹೆದರಿ ಮೆಟ್ಟಿಲು ಹತ್ತಿಬಿಟ್ಟೆ.

ಮೇಲೆ ಚೀಟಿ ಬರೆಯುವ ಮೇಜಿನ ಹಿಂದೆ ತಲೆಗೆ ದುಪಟ್ಟಾ ಹೊದ್ದ ಒಬ್ಬ ಹೆಂಗಸು ಕೂತಿದ್ದರು. ಬಂದವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಅವರು ನನ್ನ ಸೀರೆ ನೋಡಿದ್ದೇ, “ಆವೋ ಆಶಾಮ್ಮ, ಬೈಠೋ. ಪೇಷಂಟ್ ಎಲ್ಲಿ? ಕೆಳಗೆ ಆಟೋದಲ್ಲಿ ಅವ್ರಾ?” ಎಂದರು.

ಅವರದೇನೂ ತಪ್ಪಿಲ್ಲ. ಈ ಸೀರೆ ಉಟ್ಟವಳು ರೋಗಿಯನ್ನು ಕರೆದುಕೊಂಡು ಬರುವವಳು. ಅವಳೇ ರೋಗಿ ಎಂದು ಯಾರಿಗೆ ಹೊಳೆಯಬೇಕು? ಬೆಂಚಿನ ಮೇಲಿದ್ದ ನಾಲ್ಕೈದು ಜನ ನನ್ನ ಕಡೆ ನೋಡಿದರು. ನನಗೇ ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು ಬೇರೆ.

“ಇಲ್ಲ, ಬಂದಿಲ್ಲ. ನಮ್ಮ ಅತ್ತೆಗೆ.”

ಆಪಾ ಅತ್ತೆಯ ಹೆಸರು ಕೇಳಿದರು. ಹೇಳಿದೆ. ವಯಸ್ಸು ಅರವತ್ತೆಂಟು ಎಂದೆ. ಅವರು ದುಂಡಗೆ ಬರೆದು ಚೀಟಿ ಕೈಗಿತ್ತರು.

ಡಾಕ್ಟರಮ್ಮ ನನಗಿಂತ ಚಿಕ್ಕವರು. ಕೂತುಕೊಂಡು ಅತ್ತೆಯ ಕಾಯಿಲೆ ಹೇಳಲು ಶುರುಮಾಡಿದೆ. ಅವರಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕಾರಣವಿಲ್ಲದೆ ಹೆದರುತ್ತಾರೆ, ಮೊದಲಿನ ಹಾಗೆ ಇಲ್ಲ. ಆಶ್ಚರ್ಯವೆಂದರೆ, ಅವರು ಅವರು ಎನ್ನುತ್ತಾ ಹೋದಂತೆ ಮಾತು ಸರಾಗವಾಗಿ ಬಂತು. ತಿಂಗಳುಗಟ್ಟಲೆ ಒಳಗಿದ್ದದ್ದೆಲ್ಲ ಅತ್ತೆಯ ತಲೆಗೆ ಕಟ್ಟಿ ಹೊರಗೆ ಹಾಕಿದೆ. ಮಗು ಎತ್ತಿಕೊಳ್ಳಲು ಕೈ ನಡುಗುತ್ತದೆ ಎಂದೂ ಹೇಳಿಬಿಟ್ಟೆ.

“ಯಾರ ಮಗು?” ಎಂದರು ಡಾಕ್ಟರಮ್ಮ.

“ಅದೇ, ಅಕ್ಕಪಕ್ಕದವರದು.”

ಅವರು ಪೆನ್ನು ಕೆಳಗಿಟ್ಟು ನನ್ನ ಕೈ ನೋಡಿದರು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

“ಬದುಕಿರೋದೇ ಬೇಡ ಅಂತ ಯಾವಾಗಲಾದರೂ ಹೇಳಿದ್ದಾರಾ?”

“ಇಲ್ಲ ಇಲ್ಲ. ಅಂಥದ್ದೇನೂ ಇಲ್ಲ ಮೇಡಂ.” ಅವರು ಕೇಳಿ ಮುಗಿಸುವ ಮೊದಲೇ ಹೇಳಿದ್ದೆ.

“ಸರಿ. ಆದರೆ ಅವರನ್ನ ನೋಡದೆ ನಾನು ಮಾತ್ರೆ ಬರೆಯೋದಿಲ್ಲ. ಮುಂದಿನ ಮಂಗಳವಾರ ಕರ್ಕೊಂಡು ಬನ್ನಿ,” ಎಂದರು. ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದು, “ಅವರು ಬರದೇ ಹೋದ್ರೂ ನೀವು ಬನ್ನಿ. ತಪ್ಪಿಸಬೇಡಿ,” ಎಂದರು.

ಆ ವಾರ ಕಳೆದದ್ದು ಹೇಗೆಂದು ಕೇಳಬೇಡಿ. ಒಂದು ಕಡೆ, ಹೋಗುವುದೇ ಬೇಡ, ಹೀಗೇ ಇದ್ದುಬಿಡೋಣ ಎನ್ನುವ ಮನಸ್ಸು. ಇನ್ನೊಂದು ಕಡೆ, ಹೀಗೇ ಇರಲು ಆಗುವುದಿಲ್ಲ, ಇನ್ನೊಂದು ತಿಂಗಳು ಹೀಗೇ ಆದರೆ ನಾನೇನಾಗುತ್ತೇನೋ ಎನ್ನುವ ಹೆದರಿಕೆ. ಹದಿನಾಲ್ಕನೇ ದಿನಕ್ಕೆ ಆ ಹೆಣ್ಣುಮಗುವನ್ನು ತೂಗಬೇಕಿತ್ತು. ತಕ್ಕಡಿ ಕೆಟ್ಟಿದೆ ಎಂದು ಸುಳ್ಳು ಹೇಳಿ ಮುಂದೂಡಿದೆ. ಕೊನೆಗೆ ನನಗೆ ಹೊಳೆದ ದಾರಿ ಎಂಥದ್ದೆಂದರೆ, ಈಗ ಬರೆಯಲೂ ನಾಚಿಕೆ. ಅತ್ತೆಯನ್ನೇ ಕರೆದುಕೊಂಡು ಹೋಗುವುದು, ಅವರ ಬಾಯಲ್ಲಿ ನಾಲ್ಕು ಮಾತು ಹೇಳಿಸಿ ಮಾತ್ರೆ ಬರೆಸಿಕೊಳ್ಳುವುದು, ಆ ಮಾತ್ರೆಯನ್ನು ನಾನು ನುಂಗುವುದು. ಯಾರ ಮಾತ್ರೆಯನ್ನು ಯಾರೂ ನುಂಗಬಾರದು ಎಂದು ಹನ್ನೆರಡು ವರ್ಷ ಊರಿಗೆ ಪಾಠ ಹೇಳಿದವಳ ಬುದ್ಧಿ ಇದು.

“ಅತ್ತೆ, ಶಿರಾಕ್ಕೆ ಒಬ್ಬರು ಒಳ್ಳೆ ಡಾಕ್ಟ್ರು ಬರ್ತಾರಂತೆ. ನಿಮ್ಮ ಮಂಡಿ ತೋರಿಸ್ಕೊಂಡು ಬರೋಣ,” ಎಂದೆ.

ಆಸ್ಪತ್ರೆ ಎಂದರೆ ಮಾರು ದೂರ ಓಡುವ ಹೆಂಗಸು. ಒಂದು ನಿಮಿಷ ನನ್ನ ಮುಖ ನೋಡಿ, “ಆಯ್ತು ಬುಡು, ಓಗಾನ,” ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೇ ನನಗೆ ಭಯವಾಯಿತು.

ಬಸ್ಸಿನಲ್ಲಿ ಪಾಠ ಹೇಳಿಕೊಟ್ಟೆ. ಈ ಡಾಕ್ಟರು ಮಂಡಿಯ ಜೊತೆಗೆ ಬೇರೆಯದೂ ಕೇಳುತ್ತಾರೆ, ನಿದ್ದೆ ಬರಲ್ಲ, ಊಟ ಸೇರಲ್ಲ ಅನ್ನಿ, ಉಳಿದದ್ದು ನಾನು ಹೇಳುತ್ತೇನೆ ಎಂದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಾ ಹೂಂ ಹೂಂ ಎಂದರು. ಅವರಿಗೆ ಓದಲು ಬರುವುದಿಲ್ಲ. ಬೋರ್ಡಿನಲ್ಲಿ ಮನೋವೈದ್ಯರು ಎಂದು ಬರೆದಿರುವುದು ತಿಳಿಯುವುದಿಲ್ಲವೆಂಬುದೇ ನನಗಿದ್ದ ಧೈರ್ಯ. ಆಪಾ ಹಳೆಯ ಚೀಟಿ ನೋಡಿ, “ಇವ್ರೇನಾ? ಚೆನ್ನಾಗೇ ಅವ್ರಲ್ಲ!” ಎಂದರು.

ಒಳಗೆ ಹೋದೆವು. ಡಾಕ್ಟರಮ್ಮ ಅತ್ತೆಯನ್ನು ಹತ್ತಿರದ ಕುರ್ಚಿಯಲ್ಲಿ ಕೂರಿಸಿ, “ಏನಮ್ಮ ತೊಂದರೆ? ನೀವೇ ಹೇಳಿ,” ಎಂದರು.

“ನಿದ್ದೆ ಬರಾಕಿಲ್ಲ ಕಣ್ತಾಯಿ. ಊಟ ಸೇರಾಕಿಲ್ಲ,” ಎಂದರು ಅತ್ತೆ. ನಾನು ಹೇಳಿಕೊಟ್ಟದ್ದು ಅಲ್ಲಿಗೆ ಮುಗಿಯಿತು. ಮಾತು ತೆಗೆಯಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ತಿರುಗದೆ ಮುಂದುವರಿಸಿದರು.

“ನಾಕ್ ಗಂಟ್ಗೇ ಎದ್ದು ಒಲೆ ಮುಂದೆ ಕೂಕಂತೀನಿ. ಒಲೆ ಅಚ್ಚಾಕಿಲ್ಲ, ಸುಮ್ಕೆ ಕೂಕಂತೀನಿ. ತಲೆ ಬಾಚ್ಕಂಡು ಎಷ್ಟ್ ದಿನ ಆಯ್ತೋ, ಮ್ಯಾಲ್ ಮ್ಯಾಲೆ ನೀರ್ ಸವರ್ಕಂಡು ಗಂಟ್ ಕಟ್ಕಂತೀನಿ. ಮಗು ಏನಾರ ಕೇಳುದ್ರೆ ರೇಗ್ತೀನಿ, ಆಮ್ಯಾಕೆ ಬಚ್ಲಿಗೋಗಿ ನಲ್ಲಿ ಬುಟ್ಕಂಡು ಅಳ್ತೀನಿ. ನಲ್ಲಿ ಸದ್ದಿಗೆ ಕೇಳ್ಸಾಕಿಲ್ಲ ಅಂದ್ಕಂತೀನಿ.”

ಅಳುತ್ತಿದ್ದವಳು ನಾನು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು.

“ಇನ್ನೊಂದೈತೆ ತಾಯಿ. ಮೊದ್ಲು ಆಚೆ ಕೇರಿಗೋಗಾಕೆ ಬಾವಿ ಪಕ್ಕದ ದಾರೀಲಿ ಓಗ್ತಿದ್ದೆ. ಈಗ ಆರ್ ತಿಂಗ್ಳಿಂದ ಆ ದಾರಿ ತುಳಿಯಾಕಿಲ್ಲ. ಎಂಥಾ ಬಿಸ್ಲಾಗ್ಲಿ, ಊರೆಲ್ಲ ಸುತ್ತಾಕ್ಕಂಡು ಓಗ್ತೀನಿ. ಬಾವಿ ತಾವ್ಕೆ ಓದ್ರೆ ಏನ್ ಮಾಡ್ಕಂಬುಡ್ತೀನೋ ಅಂತ ಎದ್ರಿಕೆ.”

ಈ ಮಾತನ್ನು ನಾನು ಇಲ್ಲಿಯವರೆಗೆ ನಿಮಗೂ ಹೇಳಲಿಲ್ಲ. ಮಗುವಿನ ತೂಕದ ಸುಳ್ಳು ಹೇಳಿದೆ, ಫಾರಮ್ಮಿನ ಸುಳ್ಳು ಹೇಳಿದೆ, ಇದೊಂದನ್ನು ಮುಚ್ಚಿಟ್ಟುಕೊಂಡೇ ಬರೆದುಕೊಂಡು ಬಂದೆ. ಬರೆಯುವಾಗಲೂ ಇಷ್ಟು ಭಯವಾದರೆ ಆವತ್ತು ಹೇಗಿದ್ದಿರಬೇಕು ನೋಡಿ. ನನ್ನ ಕೈಯ ಮೇಲೆ ನನಗೆ ನಂಬಿಕೆ ಹೋದದ್ದು ಮಗುವಿನಿಂದಲ್ಲ. ಅದಕ್ಕೂ ಬಹಳ ಮೊದಲು, ಒಂದು ಮಧ್ಯಾಹ್ನ ಆ ಬಾವಿಯ ಪಕ್ಕದಲ್ಲಿ ನಡೆಯುತ್ತಿದ್ದಾಗ ನಾನು ನಿಂತುಬಿಟ್ಟಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಓಡಿ ಮನೆಗೆ ಬಂದು ಬಾಗಿಲು ಹಾಕಿಕೊಂಡಿದ್ದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ದಾರಿ ಬದಲಿಸಿದ್ದೂ ಯಾರಿಗೂ ತಿಳಿಯಲಿಲ್ಲ ಎಂದುಕೊಂಡಿದ್ದೆ.

“ಅವರಲ್ಲ ಮೇಡಂ,” ಎಂದೆ. “ಅದು ಅವರದಲ್ಲ. ನನ್ನದು. ನನಗೇ ಆಗಿರೋದು.”

“ಊಂ ಕಣಮ್ಮ, ಇವಳ್ದೇ,” ಎಂದರು ಅತ್ತೆ ಡಾಕ್ಟರಿಗೆ. “ನಾನು ಸಂದಾಗಿವ್ನಿ. ಒಂದ್ ಮಂಡಿ ಬುಟ್ರೆ.”

ಡಾಕ್ಟರಮ್ಮ ನಗಲಿಲ್ಲ. ಹೋದ ವಾರವೇ ಅವರಿಗೆ ಅನುಮಾನ ಬಂದಿತ್ತೆಂದು ಆಮೇಲೆ ಹೇಳಿದರು. ನಾನು ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ, ಈ ಸಲ ನನ್ನದೇ ಹೆಸರಿನಲ್ಲಿ. ಅದು ಸರಾಗವಾಗಿ ಬರಲಿಲ್ಲ. ಅರ್ಧ ಮಾತು, ಅರ್ಧ ಅಳು. ಚಿಕ್ಕಮ್ಮನ ವಿಷಯ ಹೇಳಿದೆ. ನನಗೂ ಹುಚ್ಚು ಹಿಡಿಯುತ್ತದೆಯೇ ಎಂದು ಕೇಳಿದೆ. ನನ್ನ ಕೈಯಿಂದ ಮಗು ಬಿದ್ದರೆ ಎಂದು ಕೇಳಿದೆ.

“ಇಷ್ಟು ವರ್ಷದಲ್ಲಿ ಯಾವ ಮಗುವನ್ನಾದರೂ ಬೀಳಿಸಿದ್ದೀರಾ?”

“ಇಲ್ಲ.”

“ಮೊನ್ನೆಯ ಮಗು?”

“ಅದರ ತಾಯಿ ಮಡಿಲಿಗೆ ಇಳಿಸಿದೆ.”

“ಅಷ್ಟು ಭಯದಲ್ಲೂ ಜೋಪಾನವಾಗಿ ಇಳಿಸಿದ್ದೀರಲ್ಲ. ಕೈಗೆ ಏನೂ ಆಗಿಲ್ಲ. ಇದು ಕಾಯಿಲೆ, ಇದಕ್ಕೆ ಔಷಧ ಇದೆ. ಮೂರು ನಾಲ್ಕು ವಾರ ಗುಣ ಕಾಣದೇ ಇರಬಹುದು, ಹೆದರಿ ಬಿಡಬೇಡಿ. ಮಾತ್ರೆ ಅತ್ತೆಯ ಹತ್ತಿರ ಇರಲಿ. ಅವರೇ ಕೊಡಲಿ. ಬಾವಿಯ ಯೋಚನೆ ಬಂದ ತಕ್ಷಣ ಯಾರ ಹತ್ತಿರವಾದರೂ ಹೋಗಿ ಕೂತು ಬಾಯಿ ಬಿಟ್ಟು ಹೇಳಬೇಕು. ಒಬ್ಬರೇ ಇರಬಾರದು.”

ಹೊರಗೆ ಆಪಾ ಅತ್ತೆಯ ಹೆಸರಿನ ಚೀಟಿ ಹರಿದು, ಬೇರೆ ಬರೆದರು. ಏನೂ ಕೇಳಲಿಲ್ಲ. “ಗಾಬರಿ ನಕ್ಕೋ ಅಮ್ಮ. ಮುಂದಿನ ಸಲ ಬೇಗ ಬಾ, ರಶ್ ಇರಲ್ಲ,” ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಯನ್ನು ಕೇಳಿದೆ. “ಅಷ್ಟೆಲ್ಲ ಗೊತ್ತಿದ್ದೂ ಯಾಕೆ ಅತ್ತೆ ಒಂದು ದಿನವೂ ನನ್ನ ಕೇಳಲಿಲ್ಲ?”

“ಕೇಳುದ್ರೆ ನೀನೆಲ್ಲಿ ಊಂ ಅಂದ್ಬುಡ್ತೀಯೋ ಅಂತ ಎದ್ರಿಕೆ ಕಣೇ,” ಎಂದರು. “ಅದ್ಕೇ ನೀನು ಎಲ್ಲಿಗೋದ್ರೂ ಇಂದೆ ಬತ್ತಿದ್ದೆ. ಈ ಮಂಡಿ ಅದ್ಕೇ ಇಂಗಾಗಿರಾದು.”

ಆ ಆರು ತಿಂಗಳು ನಾನು ಊರು ಸುತ್ತಿಕೊಂಡು ಹೋಗುವಾಗ, ಅರವತ್ತೆಂಟರ ಹೆಂಗಸು ಆ ಬಿಸಿಲಿನಲ್ಲಿ ದೂರದಿಂದ ಹಿಂಬಾಲಿಸಿ ಬರುತ್ತಿದ್ದರು. ಒಂದು ಸಲವೂ ನಾನು ಹಿಂದೆ ತಿರುಗಿ ನೋಡಿರಲಿಲ್ಲ. ಹೆದರಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಬಸ್ಸಿನಲ್ಲಿ ನಮ್ಮೂರಿನ ಹೆಂಗಸೊಬ್ಬಳು ಸಿಕ್ಕಿ, ಶಿರಾಕ್ಕೆ ಯಾಕೆ ಹೋಗಿದ್ದಿರಿ ಎಂದು ಕೇಳಿದಳು. ನಾನು ಮೀಟಿಂಗ್ ಎನ್ನುವಷ್ಟರಲ್ಲಿ ಅತ್ತೆ, “ಸೊಸೇಗೆ ಮನಸ್ಗೆ ಉಸಾರಿರ್ಲಿಲ್ಲ, ತೋರ್ಸ್ಕಂಡು ಬಂದ್ವಿ,” ಎಂದುಬಿಟ್ಟರು. ಇಳಿದ ಮೇಲೆ ಯಾಕೆ ಹೇಳಿದಿರಿ ಎಂದು ಅತ್ತೆಯನ್ನು ಕೇಳಿದೆ. “ಮಂಡಿ ನೋವು ಅಂದ್ರೆ ಯೋಳ್ಕಬೋದು, ಇದನ್ನ ಯಾಕೆ ಯೋಳ್ಕಬಾರ್ದು? ನೀನೇ ತಾನೆ ಮೈಕಲ್ಲಿ ಯೋಳಿದ್ದು?” ಎಂದರು. ಫೋನಿನಲ್ಲಿ ನಮ್ಮಮ್ಮ, “ಎವರಿಕೀ ಚೆಪ್ಪೊದ್ದು,” ಯಾರಿಗೂ ಹೇಳಬೇಡ ಎಂದು ಪಿಸುಗುಟ್ಟಿದರು. ಆಗಲೇ ಊರಿಗೆಲ್ಲ ಗೊತ್ತಾಗಿತ್ತು.

ಮೊದಲ ವಾರ ಮಾತ್ರೆಗೆ ಹೊಟ್ಟೆ ತೊಳಸುತ್ತಿತ್ತು. ಎರಡನೇ ವಾರ ಬೆಳಗ್ಗೆ ನಾಲ್ಕಕ್ಕೆ ಎದ್ದರೆ ಪಕ್ಕದಲ್ಲಿ ಅತ್ತೆಯೂ ಎದ್ದು ಬಂದು ಒಲೆಯ ಮುಂದೆ ಕೂರುತ್ತಿದ್ದರು. ಗಂಡ ಶನಿವಾರ ಬಂದವರು ವಿಷಯ ಕೇಳಿ ಪೆಚ್ಚಾಗಿ, ನಾನೇನು ಮಾಡಲಿ ಎಂದರು. ಪಾತ್ರೆ ತೊಳೆಯಿರಿ ಎಂದೆ. ತೊಳೆದರು. ಐದನೇ ವಾರದಲ್ಲಿ ಒಂದು ದಿನ ಐದೂವರೆಗೆ ಎಚ್ಚರವಾಯಿತು. ಅದೇ ದೊಡ್ಡ ಸುದ್ದಿ ನಮ್ಮ ಮನೆಯಲ್ಲಿ. ಹೆದರಿಕೆ ಪೂರ್ತಿ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಬಂದಾಗ, ಬಂದಿದೆ ಎಂದು ಬಾಯಿ ಬಿಟ್ಟು ಹೇಳುತ್ತೇನೆ. ನಾನು ಇಂಥವಳು, ಹೆದರುವವಳು, ಮಾತ್ರೆ ನುಂಗುವವಳು. ಇದನ್ನು ಒಪ್ಪಿಕೊಳ್ಳಲು, ಮಾತ್ರೆ ಗುಣ ತೋರಿಸಲು ಹಿಡಿದದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಆರನೇ ವಾರದಲ್ಲಿ ಆಚೆ ಕೇರಿಯಲ್ಲಿ ಒಂದು ಹೆರಿಗೆಯಾಗಿತ್ತು. ಮೂರನೇ ದಿನ ಜೋಳಿಗೆ ಹೆಗಲಿಗೆ ಹಾಕಿಕೊಂಡು ಹೋದೆ. ಬಾಣಂತಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ನೀನ್ ಬ್ಯಾಡ ಕಣಮ್ಮ. ನಿನ್ಗೆ ಉಸಾರಿಲ್ವಂತಲ್ಲ. ಸಿಸ್ಟರಮ್ಮನ್ನೇ ಕಳ್ಸು, ತೂಕ ಮಾಡ್ಲಿ.”

ಯಾವ ಮಾತಿಗೆ ಅಷ್ಟು ದಿನ ಹೆದರಿದ್ದೆನೋ ಅದೇ ಮಾತು. ಕಣ್ಣು ಕತ್ತಲೆ ಬರುತ್ತದೆ ಎಂದುಕೊಂಡೆ. ಬರಲಿಲ್ಲ. “ಸರಿ, ಸಿಸ್ಟರ್‌ಗೆ ಹೇಳ್ತೀನಿ. ನಾಳೆನೇ ತೂಕ ಮಾಡಿಸ್ಬೇಕು, ತಪ್ಪಿಸ್ಬೇಡಿ,” ಎಂದು ಹೇಳಿ ತಿರುಗಿದೆ. ದಾರಿಯುದ್ದಕ್ಕೂ ಮುಖ ಬಿಸಿಯಾಗಿ ಕಿವಿ ಉರಿಯುತ್ತಿತ್ತು. ಮನೆಗೆ ಬಂದು ಜೋಳಿಗೆಯನ್ನು ಮೂಲೆಗೆ ಒಗೆದೆ. ಅತ್ತೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು.

“ನೋಡಿ ಅತ್ತೆ, ಅವಳ ಸೊಕ್ಕು ನೋಡಿ. ಅವಳ ಸೊಸೇನ ಮಧುಗಿರಿಗೆ ಕರ್ಕೊಂಡು ಹೋಗೋಕೆ ನಾನು ಬೇಕು. ಕೈ ಹಿಡ್ಕೊಂಡು ಕೂರೋಕೆ ನಾನು ಬೇಕು. ಮಗು ಮುಟ್ಟೋಕೆ ಮಾತ್ರ ನಾನು ಬೇಡ. ನನ್ನ ಕೈಗೇನಾಗಿದೆ? ಇವಳ ಮಗನ್ನ ಕೇಳಿ, ಮೊನ್ನೆ ಮೊನ್ನೆವರೆಗೂ ಇವಳ ಬಿ.ಪಿ. ಮಾತ್ರೆ ನಾನೇ ತಂದುಕೊಡ್ತಿದ್ದೆ...” ನಿಲ್ಲಿಸದೆ ಒದರಿದೆ. ಆ ಮನೆಯ ಮೂರು ತಲೆಮಾರನ್ನು ಜಾಲಾಡಿದೆ.

ಸ್ವಲ್ಪ ಹೊತ್ತಿಗೆ ನೋಡಿದರೆ ಅತ್ತೆ ಸುಲಿಯುವುದನ್ನು ನಿಲ್ಲಿಸಿದ್ದರು. ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಗಾಬರಿಯಾಯಿತು.

“ಯಾಕೆ ಅತ್ತೆ? ಯಾಕೆ ಅಳ್ತಿದ್ದೀರಾ?”

“ಬೈತಾ ಇದ್ದೀಯಲ್ಲ ಕಣೇ,” ಎಂದರು. “ನಿನ್ ಬಾಯಲ್ಲಿ ಇದನ್ನ ಕೇಳಿ ಒಂದ್ ವರ್ಸಾಗಿತ್ತು. ಬೈಯಿ, ಇನ್ನೂ ಬೈಯಿ.”